ಮಳೆ ನೋಡಿ ಬೀಜ: ಮನೆಯ ಕೈತೋಟದ ಒಂದು ವರ್ಷ

ಕರ್ನಾಟಕದ ಕೈತೋಟಕ್ಕೆ ರಜೆಯ ಕಾಲವೆಂಬುದಿಲ್ಲ. ಹನ್ನೆರಡು ತಿಂಗಳೂ ಮಣ್ಣಿನಲ್ಲಿ ಏನಾದರೊಂದು ಮೊಳೆಯುತ್ತಿರುತ್ತದೆ. ಹಾಗೆಂದು ಎಲ್ಲ ಬೀಜವೂ ಎಲ್ಲ ಕಾಲಕ್ಕೂ ಕೈ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿದ ಕೊತ್ತಂಬರಿ ಗೇಣುದ್ದ ಬೆಳೆಯುವ ಮೊದಲೇ ಹೂವಿಗೆ ಬರುತ್ತದೆ. ಜುಲೈನ ಜಡಿಮಳೆಗೆ ಸಿಕ್ಕಿದ ಟೊಮೆಟೊ ಸಸಿಗೆ ಅಂಗಮಾರಿ ತಗಲುತ್ತದೆ. ಎರಡೂ ಕಡೆ ನೀರು, ಗೊಬ್ಬರ, ಆರೈಕೆ ಯಾವುದಕ್ಕೂ ಕೊರತೆ ಇರುವುದಿಲ್ಲ, ತಪ್ಪಿರುವುದು ತಿಂಗಳು.

ಹಿತ್ತಲು ನೋಡಿಕೊಳ್ಳುತ್ತಿದ್ದ ಹೆಂಗಸರಿಗೆ ಈ ಲೆಕ್ಕ ಪಂಚಾಂಗದ ಮಳೆ ನಕ್ಷತ್ರಗಳ ಮೂಲಕ ಗೊತ್ತಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಯ ವಾರ ರೋಹಿಣಿ, ಜೂನ್ ಮೊದಲ ವಾರ ಕಳೆದಂತೆ ಮೃಗಶಿರಾ, ಆಮೇಲೆ ಆರಿದ್ರಾ. ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ನಡುವೆ ಚಿತ್ತ, ಕೊನೆಗೆ ಸ್ವಾತಿ. ನಕ್ಷತ್ರ ನಾಡಿಗೆಲ್ಲ ಒಂದೇ ಆದರೂ ಮಳೆ ಒಂದೇ ಅಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬಿದ್ದರೆ ಬೆಂಗಳೂರಿಗೆ ಸಾವಿರದ ಆಸುಪಾಸು, ವಿಜಯಪುರದ ಕಡೆಗೆ ಆರುನೂರರ ಆಸುಪಾಸು. ಕರಾವಳಿಯಲ್ಲಿ ಜೂನ್, ಜುಲೈ ಮಳೆಯದೇ ರಾಜ್ಯ. ಬೆಂಗಳೂರಿನಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೀಗಾಗಿ ಇಲ್ಲಿ ಹೇಳಿರುವ ತಿಂಗಳುಗಳನ್ನು ಊರಿನ ಮಳೆಗೆ ತಕ್ಕಂತೆ ಎರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಬೇಕಾಗುತ್ತದೆ.

ಬಿಸಿಲು, ಭಾರ, ಮಣ್ಣು

ಗಿಡ ತರುವ ಮೊದಲು ಬಿಸಿಲನ್ನು ಅಳೆಯಬೇಕು. ರಜೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ನೋಡಿ, ಅಂಗಳದ ಅಥವಾ ಬಾಲ್ಕನಿಯ ಯಾವ ಮೂಲೆಗೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆಂದು ಬರೆದಿಟ್ಟರೆ ಸಾಕು. ಕಾಯಿ ಬಿಡುವ ಬೆಂಡೆ, ಬದನೆ, ಟೊಮೆಟೊ, ಮೆಣಸಿನಕಾಯಿಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಸೊಪ್ಪಿಗೆ ಮೂರು, ನಾಲ್ಕು ಗಂಟೆ ಸಾಲುತ್ತದೆ. ಒಂದೆಲಗ, ದೊಡ್ಡಪತ್ರೆ, ಪುದೀನ ಅದಕ್ಕೂ ಕಡಿಮೆಯಲ್ಲಿ ಸುಧಾರಿಸಿಕೊಳ್ಳುತ್ತವೆ.

ಈ ಬಿಸಿಲು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ನಡುವಿನ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಮರಳುತ್ತಾನೆ. ದಕ್ಷಿಣಕ್ಕೆ ತೆರೆದ ಬಾಲ್ಕನಿಗೆ ಚಳಿಗಾಲದಲ್ಲಿ ಒಳ್ಳೆಯ ಬಿಸಿಲು, ಮೇಯಿಂದ ಜುಲೈವರೆಗೆ ನೆರಳು. ಉತ್ತರದ ಬಾಲ್ಕನಿಯ ಕಥೆ ಇದಕ್ಕೆ ತಿರುಗುಮುರುಗು. ಡಿಸೆಂಬರ್‌ನಲ್ಲಿ ಮೈತುಂಬ ಹೂ ಬಿಟ್ಟ ಕುಂಡ ಜೂನ್‌ನಲ್ಲಿ ಸೊರಗಿದರೆ ಅದರ ಜಾಗ ಬದಲಿಸಿ ನೋಡಬೇಕು.

ತಾರಸಿಯಲ್ಲಿ ಬಿಸಿಲಿಗೆ ಕೊರತೆ ಇಲ್ಲ, ಯೋಚಿಸಬೇಕಾದದ್ದು ಭಾರವನ್ನು. ಜನ ಓಡಾಡುವ ತಾರಸಿಗೆ ಭಾರತೀಯ ಕಟ್ಟಡ ಮಾನದಂಡದಲ್ಲಿ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ದಪ್ಪಕ್ಕೆ ಹರಡಿದ ಮಣ್ಣು ನೀರು ಕುಡಿದರೆ ಅಷ್ಟೇ ಜಾಗದಲ್ಲಿ 500 ಕಿಲೋ ತೂಗುತ್ತದೆ. ತಾರಸಿಯ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬುವುದು ಎಂಜಿನಿಯರ್‌ ನೋಡದೆ ಮಾಡುವ ಕೆಲಸವಲ್ಲ. ಹಗುರ ಮಣ್ಣು ತುಂಬಿದ ಚೀಲ, ಕುಂಡಗಳನ್ನು ಗೋಡೆಯ ಅಥವಾ ತೊಲೆಯ ನೇರಕ್ಕೆ ಬಿಡಿಬಿಡಿಯಾಗಿ, ಕಾಲುಗಳಿರುವ ಸ್ಟ್ಯಾಂಡಿನ ಮೇಲೆ ಇಡುವುದು ಕ್ಷೇಮ. ಅಡಿಯಲ್ಲಿ ನೀರು ನಿಲ್ಲುವುದೂ ಇಲ್ಲ, ಸೋರಿಕೆ ಕಂಡರೆ ಗೊತ್ತಾಗುವುದೂ ಬೇಗ.

ಕುಂಡದ ಮಣ್ಣಿಗೆ ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಪಾಲಾಗಿ ಬೆರೆಸಿ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಆಯಿತು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಅದನ್ನು ಒಂದೆರಡು ಸಲ ನೆನೆಸಿ ಹಿಂಡಿ ಬಳಸಬೇಕು. ಸೊಪ್ಪಿಗೆ ಅರ್ಧ ಅಡಿ ಆಳದ ಅಗಲವಾದ ಟ್ರೇ, ಬದನೆ, ಟೊಮೆಟೊಗೆ ಒಂದಡಿಯ ಕುಂಡ, ಕರಿಬೇವು, ನಿಂಬೆಗೆ ಅರ್ಧ ಡ್ರಮ್. ಯಾವುದೇ ಆದರೂ ತಳದಲ್ಲಿ ತೂತು ಇರಬೇಕು, ತೂತಿನ ಮೇಲೆ ಒಡೆದ ಹಂಚಿನ ಚೂರು ಕವುಚಿರಬೇಕು. ಮನೆಯಲ್ಲಿ ಸಾಯುವ ಕುಂಡದ ಗಿಡಗಳಲ್ಲಿ ನೀರಿಲ್ಲದೆ ಒಣಗುವಂತೆಯೇ ನೀರು ಹೆಚ್ಚಾಗಿ ಬೇರು ಕೊಳೆಯುವುದೂ ಉಂಟು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕುವುದು ಒಳ್ಳೆಯ ಅಭ್ಯಾಸ.

ಮುಂಗಾರು: ಬಳ್ಳಿ, ಗೆಡ್ಡೆ, ಕಡ್ಡಿ

ಮೇ ತಿಂಗಳ ಒಂದೆರಡು ಮಳೆಗೆ ನೆಲ ಹದವಾದ ಕೂಡಲೇ ಗೆಡ್ಡೆಗಳ ಸರದಿ. ಅರಿಶಿನ, ಶುಂಠಿ, ಕೆಸು, ಸುವರ್ಣಗೆಡ್ಡೆ ಈಗ ಮಣ್ಣಿಗಿಳಿದರೆ ಸಂಕ್ರಾಂತಿಯ ಸುಮಾರಿಗೆ ಅಗೆಯಲು ಸಿದ್ಧವಾಗುತ್ತವೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆಯ ಕಣ್ಣು ಬಿಟ್ಟಿರುವ ಶುಂಠಿಯ ತುಂಡೇ ಬೀಜವಾಗುತ್ತದೆ. ಕೆಸುವಿನ ಎಲೆಗೆ ಅಷ್ಟು ದಿನ ಕಾಯಬೇಕಾಗಿಲ್ಲ. ಮಳೆಗಾಲದ ಪತ್ರೊಡೆಗೆ ಅದು ಮೊದಲೇ ಒದಗುತ್ತದೆ.

ಮೃಗಶಿರಾ ಹೊತ್ತಿಗೆ ಬೆಂಡೆ, ಅಲಸಂದೆ, ಹೀರೆ, ಹಾಗಲ, ಪಡುವಲ, ಸೋರೆ, ಕುಂಬಳ ಬಿತ್ತಬಹುದು. ಜಡಿಮಳೆಯ ಕರಾವಳಿ, ಮಲೆನಾಡಿನಲ್ಲಿ ಬೀಜ ಇನ್ನೂ ಮೊದಲೇ ಮೊಳೆತು, ಬಳ್ಳಿ ಚಪ್ಪರ ಹತ್ತುವಷ್ಟಾಗಿರಬೇಕು. ಇಲ್ಲದಿದ್ದರೆ ಎಳೆ ಸಸಿ ಕೆಸರು ಸಿಡಿದು ಕೊಳೆಯುತ್ತದೆ. ಅಲ್ಲಿ ಪಾತಿಯ ಬದಲು ಏರುಮಡಿ ಮಾಡುವುದೂ ಇದೇ ಕಾರಣಕ್ಕೆ.

ಬೆಂಡೆ ಮನೆತೋಟಕ್ಕೆ ಹೇಳಿ ಮಾಡಿಸಿದ ಬೆಳೆ. ಆರೇಳು ವಾರಕ್ಕೆ ಹೂ ಬಿಡುತ್ತದೆ, ಹೂ ಬಿದ್ದ ಐದಾರು ದಿನಕ್ಕೆ ಕಾಯಿ ಎಳೆಯದಾಗಿ ಸಿಗುತ್ತದೆ. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ, ಹೊಸ ಕಾಯಿಯೂ ಕಡಿಮೆಯಾಗುತ್ತದೆ. ಬಿಳಿ ನೊಣ ಹರಡುವ ಹಳದಿ ನಂಜುರೋಗ ಇದರ ದೊಡ್ಡ ಶತ್ರು. ಎಲೆಯ ನರಗಳೆಲ್ಲ ಹಳದಿಯಾದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಈ ರೋಗವನ್ನು ತಡೆಯಲೆಂದೇ ರೂಪಿಸಿದ್ದು.

ಕುಂಬಳದ ಬಳ್ಳಿ ತುಂಬ ಹೂವಿದ್ದೂ ಕಾಯಿ ಕಚ್ಚದಿರುವುದು ಪಟ್ಟಣದ ತಾರಸಿಗಳಲ್ಲಿ ಮಾಮೂಲು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಗಂಡು ಹೂಗಳು: ಉದ್ದ ತೊಟ್ಟು, ನಡುವೆ ಹಳದಿ ಪುಡಿ ಮೆತ್ತಿದ ಒಂದು ಕಡ್ಡಿ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ದಪ್ಪದ ಪುಟ್ಟ ಕಾಯಿ ಮೊದಲೇ ಕಾಣುತ್ತದೆ. ಜೇನು ಬಾರದ ಕಡೆ ಆ ಕೆಲಸವನ್ನು ಮನೆಯವರೇ ಮಾಡಬೇಕು. ಬೆಳಗ್ಗೆ ಹೂ ಅರಳಿರುವ ಹೊತ್ತಿಗೆ, ಬಿಸಿಲು ಏರುವ ಮುನ್ನ, ಗಂಡು ಹೂವೊಂದನ್ನು ಕಿತ್ತು ಎಸಳು ತೆಗೆದು, ಉಳಿದ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಬೆರಳಿಗೆ ಅರಿಶಿನ ತಾಗಿದಂತೆ ಪರಾಗ ಮೆತ್ತಿಕೊಳ್ಳುತ್ತದೆ. ಮುಂದಿನ ನಾಲ್ಕಾರು ದಿನದಲ್ಲಿ ಗೋಲಿ ನಿಂಬೆಯಷ್ಟಾದರೆ ಕಾಯಿ ನಿಂತಿತೆಂದು ಅರ್ಥ. ಹಳದಿಯಾಗಿ ಉದುರಿದರೆ ಪರಾಗ ತಲುಪಿಲ್ಲ. ಮಕ್ಕಳಿಗೆ ಪಾಠದ ಪುಸ್ತಕದ ಪರಾಗಸ್ಪರ್ಶ ಕೈಗೆ ಸಿಗುವುದು ಇಲ್ಲಿಯೇ.

ಕಡ್ಡಿ ಊರಲು ಕೂಡ ಮಳೆಗಾಲವೇ ಸರಿ. ದಾಸವಾಳ, ಚಕ್ರಮುನಿ, ಬಸಳೆ, ದೊಡ್ಡಪತ್ರೆ, ನುಗ್ಗೆ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ, ನೆರೆಮನೆಯ ಬೇಲಿಯಿಂದಲೇ ಬರುತ್ತವೆ. ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಮೂರು ಗೆಣ್ಣಿರುವ ಕಡ್ಡಿಯನ್ನು ಬುಡದಲ್ಲಿ ಓರೆಯಾಗಿ ಕತ್ತರಿಸಿ, ತುದಿಯ ಒಂದೆರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆದು ನೆರಳಿನಲ್ಲಿ ನೆಡಬೇಕು. ನುಗ್ಗೆಗೆ ಮಾತ್ರ ಕೈತೋಳಿನಷ್ಟು ದಪ್ಪದ ಕೊಂಬೆ ಬೇಕು. ದೀಪಾವಳಿಗೆ ಚೆಂಡು ಹೂ ಮನೆಯದೇ ಆಗಬೇಕಾದರೆ ಆಗಸ್ಟ್ ಮುಗಿಯುವುದರೊಳಗೆ ಬೀಜ ಹಾಕಿರಬೇಕು; ಅರಳಲು ಅದಕ್ಕೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ.

ಹಿಂಗಾರು ಮತ್ತು ಚಳಿ: ಸೊಪ್ಪಿನ ಕಾಲ

ಹಸ್ತ, ಚಿತ್ತ ಮಳೆಗಳು ಕಳೆದು ಇಬ್ಬನಿ ಬೀಳತೊಡಗಿದರೆ ಬಯಲುಸೀಮೆಯ ಕೈತೋಟಕ್ಕೆ ವರ್ಷದ ಅತ್ಯುತ್ತಮ ಕಾಲ ಬಂದಂತೆ. ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ನವಿಲುಕೋಸು, ಕ್ಯಾರೆಟ್, ಬೀನ್ಸ್, ಬಟಾಣಿ ಎಲ್ಲವೂ ಈ ತಂಪಿಗೆ ಒಗ್ಗುವಂಥವು. ಸೆಪ್ಟೆಂಬರ್‌ನಲ್ಲಿ ಒಟ್ಟುಪಾತಿಗೆ ಬಿದ್ದ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ನಾಲ್ಕೈದು ವಾರಕ್ಕೆ ಕಿತ್ತು ನಾಟಿ ಮಾಡಬಹುದು.

ಮಕ್ಕಳ ಕೈಯಲ್ಲಿ ಮೊದಲ ಬಿತ್ತನೆ ಮಾಡಿಸುವುದಾದರೆ ಮೆಂತ್ಯವೇ ಸೂಕ್ತ. ಒಗ್ಗರಣೆ ಡಬ್ಬಿಯಿಂದ ಒಂದು ಹಿಡಿ ತೆಗೆದು ರಾತ್ರಿ ನೆನೆಸಿ ಬೆಳಗ್ಗೆ ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿದರೆ ಮೂರು, ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ, ನಾಲ್ಕು ವಾರದೊಳಗೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಅದು ಮೊಳೆಯಲು ಎಂಟು ಹತ್ತು ದಿನ ಬೇಕು. ಅಷ್ಟರಲ್ಲಿ ಬೇಸರವಾಗಿ ಪಾತಿ ಕೆದಕಿ ನೋಡುವವರೇ ಹೆಚ್ಚು.

ಚಳಿಗಾಲದ ರಾಣಿ ಅವರೆ. ಚಪ್ಪರದವರೆಯ ಹಳೆಯ ತಳಿಗಳನ್ನು ಜೂನ್‌ನಲ್ಲಿ ಬಿತ್ತಿದರೂ, ಆಗಸ್ಟ್‌ನಲ್ಲಿ ಬಿತ್ತಿದರೂ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆಯೇ. ಗಿಡ ಲೆಕ್ಕ ಇಟ್ಟುಕೊಳ್ಳುವುದು ರಾತ್ರಿಯ ಉದ್ದವನ್ನು. ಸೊಗಡಿನ ಅವರೆ ಡಿಸೆಂಬರ್, ಜನವರಿಯಲ್ಲೇ ಬರುವುದಕ್ಕೆ ಇದೇ ಕಾರಣ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಈ ಕಟ್ಟನ್ನು ಬಿಡಿಸಿದ್ದರಿಂದಲೇ ಈಗ ಉಳಿದ ತಿಂಗಳುಗಳಲ್ಲೂ ಅವರೆಕಾಯಿ ಕಾಣುತ್ತದೆ. ಸೇವಂತಿಗೆಯದೂ ಅದೇ ಸ್ವಭಾವ. ರಾತ್ರಿಯಿಡೀ ಬೀದಿ ದೀಪ ಬೀಳುವ ಕಾಂಪೌಂಡಿನ ಸೇವಂತಿಗೆ ಸೊಂಪಾಗಿ ಎಲೆ ಬಿಟ್ಟರೂ ಮೊಗ್ಗು ತಡವಾಗುತ್ತದೆ. ಕುಂಡವನ್ನು ಕತ್ತಲ ಕಡೆಗೆ ಸರಿಸಿದರೆ ಸರಿಹೋಗುತ್ತದೆ.

ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ದುಂಡು ಮಲ್ಲಿಗೆಗೆ ನೀರು ಕಡಿಮೆ ಮಾಡಿ, ಮೊಳಕಾಲೆತ್ತರಕ್ಕೆ ಸವರಿ, ಬುಡ ಬಿಡಿಸಿ ಗೊಬ್ಬರ ಕೊಡಬೇಕು. ಆಗ ಚಿಗುರಿದ ಹೊಸ ಕಡ್ಡಿಗಳಲ್ಲೇ ಬೇಸಿಗೆಯ ಮೊಗ್ಗು. ಗಿಡದ ಮೇಲಿನ ಮಮತೆಯಿಂದ ಕತ್ತರಿ ತಾಗಿಸದ ಮನೆಗಳಲ್ಲಿ ಹೂವಿನ ಬುಟ್ಟಿ ತುಂಬುವುದಿಲ್ಲ.

ಬೇಸಿಗೆ: ನೆರಳು ಮತ್ತು ನೀರು

ಮಾರ್ಚ್‌ನಿಂದ ಮೇವರೆಗೆ ತಂಪು ಬಯಸುವ ಗಿಡಗಳ ಆಸೆ ಬಿಡಬೇಕು. ಹರಿವೆ, ದಂಟು, ಬಸಳೆ, ಸೌತೆ, ಬೂದುಗುಂಬಳ, ಬೆಂಡೆ, ಗೋರಿಕಾಯಿ ಬಿಸಿಲಿಗೆ ಹೆದರುವುದಿಲ್ಲ. ಕಲಬುರಗಿ, ರಾಯಚೂರಿನಂತಹ 40 ಡಿಗ್ರಿ ದಾಟುವ ಊರುಗಳಲ್ಲಿ ಅರ್ಧ ಬಿಸಿಲು ತಡೆಯುವ ಹಸಿರು ನೆರಳುಬಲೆ ಇಲ್ಲದೆ ತಾರಸಿ ತೋಟ ಉಳಿಯುವುದು ಕಷ್ಟ.

ಕರಾವಳಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಭತ್ತದ ಕೊಯ್ಲಾದ ಗದ್ದೆಯೇ ಬೇಸಿಗೆಯ ತರಕಾರಿ ತೋಟ. ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮಂಗಳೂರು ಸೌತೆಯನ್ನು ಬಲಿತ ಮೇಲೆ ಕೊಯ್ದು, ಬಾಳೆ ನಾರಿನಲ್ಲಿ ಒಂದೊಂದನ್ನೇ ಹೆಣೆದು ಮಾಡಿನ ಜಂತಿಗೆ ತೂಗು ಹಾಕುವುದು ಅಲ್ಲಿನ ಹಳೆಯ ಪದ್ಧತಿ. ಕಾಯಿಗೆ ಕಾಯಿ ತಾಗದಂತೆ, ಗಾಳಿಯಾಡುವಂತೆ ತೂಗಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಂಗಳಕ್ಕೆ ಕಾಲಿಡಲಾಗದ ಮಳೆಯ ದಿನಗಳಲ್ಲಿ ಹುಳಿಗೆ ಬೀಳುವುದು ಬೇಸಿಗೆಯ ಈ ಕಾಯಿಯೇ.

ನೀರು ಉಳಿಸುವ ಮೊದಲ ಉಪಾಯ ಹೊದಿಕೆ. ಗಿಡದ ಬುಡದ ಸುತ್ತ ಎರಡು ಅಂಗುಲ ತರಗೆಲೆ, ಒಣಹುಲ್ಲು ಅಥವಾ ತೆಂಗಿನ ಸಿಪ್ಪೆ ಹರಡಿದರೆ ಮಣ್ಣು ಬೇಗ ಆರುವುದಿಲ್ಲ. ದೊಡ್ಡ ಪಾತಿಯ ನಡುವೆ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ನೀರು ಮಡಕೆಯ ಮೈಯಿಂದ ಜಿನುಗಿ ಬೇರಿಗೆ ತಲುಪುತ್ತದೆ. ಎರಡು ಮೂರು ದಿನ ಊರಿಗೆ ಹೋಗಿ ಬರಲೂ ಅಡ್ಡಿಯಿಲ್ಲ. ನೀರು ಹಾಕುವುದು ಬೆಳಗ್ಗೆ, ಅದೂ ಎಲೆಗಲ್ಲ, ಬುಡಕ್ಕೆ. ಮುಂದಿನ ಮಳೆಗೆ ಸಿದ್ಧತೆಯೂ ಈಗಲೇ ಆಗಬೇಕು. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನೂರು ಲೀಟರ್ ನೀರು. ಹದಿನೈದು ಮಿ.ಮೀ. ಮಳೆಯಲ್ಲಿ ಅರ್ಧ ಹಿಡಿದರೂ ಏಳೆಂಟು ನೂರು ಲೀಟರ್ ಡ್ರಮ್ಮುಗಳಲ್ಲಿ ನಿಲ್ಲುತ್ತದೆ.

ಮನೆಯೊಳಗೆ

ಹೊರಗಿನ ನಡುಹಗಲಿನ ಬೆಳಕು ಲಕ್ಷ ಲಕ್ಸ್ ಮುಟ್ಟಿದರೆ, ಬೆಳಕಾಗಿದೆ ಎನಿಸುವ ಹಜಾರದ ಒಳಭಾಗದಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಹೊಂದಿಕೊಳ್ಳುತ್ತದೆ, ಗಿಡಕ್ಕೆ ಅದು ಸಾಧ್ಯವಿಲ್ಲ. ತುಳಸಿ, ಗುಲಾಬಿ ಒಳಗೆ ಬಡಕಲಾಗುವುದು ಇದರಿಂದ. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್‌ಗಳಂಥ ನೆರಳಿಗೆ ಒಗ್ಗುವ ಗಿಡಗಳು ಮಾತ್ರ ಕಿಟಕಿಯಿಂದ ದೂರವಿದ್ದರೂ ತಾಳುತ್ತವೆ. ಸ್ನೇಕ್ ಪ್ಲಾಂಟ್‌ಗೆ ಎರಡು ವಾರಕ್ಕೊಮ್ಮೆ ನೀರು ಸಾಕು, ಮಳೆಗಾಲದಲ್ಲಿ ಅದೂ ಬೇಡ.

ಇವು ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತವೆಂಬ ನಂಬಿಕೆ ಹಬ್ಬಿರುವುದು ನಾಸಾ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ. ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದ ಸಂಶೋಧಕರು, ತೆರೆದ ಕಿಟಕಿಯಷ್ಟು ಕೆಲಸ ಮಾಡಲು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕೆಂದು ಕಂಡುಕೊಂಡರು. ಒಳಾಂಗಣದ ಗಿಡ ಕಣ್ಣಿಗೆ ತಂಪು. ಗಾಳಿಗೆ ಕಿಟಕಿ ತೆರೆಯಬೇಕು.

ತಿನ್ನುವ ಗಿಡಗಳಿಗೆ ಅಡುಗೆಮನೆಯ ಕಿಟಕಿಯೇ ತೋಟ. ಸಂತೆಯ ಪುದೀನ ಕಟ್ಟಿನಿಂದ ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಟ್ಟರೆ ವಾರ ಹತ್ತು ದಿನಕ್ಕೆ ಬಿಳಿ ಬೇರು ಬಿಡುತ್ತದೆ, ಆಮೇಲೆ ಕುಂಡಕ್ಕೆ. ಸಾಸಿವೆ, ಮೆಂತ್ಯ, ಹೆಸರುಕಾಳನ್ನು ತಟ್ಟೆಯಲ್ಲಿ ತೇವದ ನಾರಿನ ಪುಡಿಯ ಮೇಲೆ ಚೆಲ್ಲಿದರೆ ಹತ್ತೇ ದಿನಕ್ಕೆ ಕೋಸಂಬರಿಗೆ ಬೆರೆಸುವ ಎಳೆ ಸೊಪ್ಪಾಗುತ್ತದೆ. ಬಾಡಿಗೆ ಮನೆಯವರಿಗೂ, ಬಾಲ್ಕನಿಯೇ ಇಲ್ಲದವರಿಗೂ ದಕ್ಕುವ ತೋಟ ಇದು.

ಎರಡು ಎಚ್ಚರಿಕೆ ಅಗತ್ಯ. ಮನಿಪ್ಲಾಂಟ್, ಡಂಬ್‌ಕೇನ್‌ಗಳ ಎಲೆಯನ್ನು ಮಗು ಕಚ್ಚಿದರೆ ಅದರಲ್ಲಿರುವ ಆಕ್ಸಲೇಟ್ ಸೂಜಿಗಳಿಂದ ಬಾಯಿ, ನಾಲಿಗೆ ಉರಿದು ಊದುತ್ತದೆ; ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೆ ವಿಷ. ಪುಟ್ಟ ಮಕ್ಕಳ ಕೈಗೆಟುಕುವ ಕಡೆ ಇವು ಇರಬಾರದು. ಇನ್ನೊಂದು, ಕುಂಡದ ಕೆಳಗಿನ ತಟ್ಟೆ ಮತ್ತು ಮನಿಪ್ಲಾಂಟಿನ ಬಾಟಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನ ಅಂಚಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕಾಗುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಉಜ್ಜಿದರೆ ಸಂತತಿ ಅಲ್ಲಿಗೇ ನಿಲ್ಲುತ್ತದೆ.

ಗೊಬ್ಬರ ಮತ್ತು ಕೀಟ

ಮನೆಯ ತೋಟಕ್ಕೆ ಬೇಕಾದ ಗೊಬ್ಬರದ ಬಹುಪಾಲು ತರಕಾರಿ ಹೆಚ್ಚುವ ಮಣೆಯ ಮೇಲೇ ಇದೆ. ಅಡ್ಡ ತೂತುಗಳಿರುವ ಡ್ರಮ್ಮಿನಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಎರಡರಷ್ಟು ಒಣ ಎಲೆ ಅಥವಾ ನಾರಿನ ಪುಡಿ, ನಡುನಡುವೆ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೈಯಾಡಿಸಿದರೆ ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಸೇರಿಸಬೇಕು. ಇರುವೆ ಹತ್ತಿದರೆ ತೀರ ಒಣಗಿದೆ, ನೀರು ಚಿಮುಕಿಸಬೇಕು.

ಸುಭಾಷ್ ಪಾಳೇಕರ್ ಪ್ರಚಾರಕ್ಕೆ ತಂದ ಜೀವಾಮೃತವನ್ನು ಮನೆಯ ಅಳತೆಗೂ ಇಳಿಸಬಹುದು: 20 ಲೀಟರ್ ನೀರಿಗೆ ಒಂದು ಕಿಲೋ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಚಿಟಿಕೆ ಬದುವಿನ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕೋಲಾಡಿಸಿ, ಎರಡು ದಿನ ಕಳೆದ ಮೇಲೆ ಬುಡಕ್ಕೆ ಸುರಿಯಬೇಕು.

ಎಲೆಯ ಕೆಳಗೆ ಹೇನು, ಬಿಳಿ ತಿಗಣೆ ಕಂಡರೆ ಮೊದಲು ಜೋರು ನೀರು ಹೊಡೆಯಬೇಕು. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ಎರಡು ಹನಿ ಸೋಪಿನ ದ್ರವ ಸೇರಿಸಿ ಸಂಜೆ ಸಿಂಪಡಿಸಬೇಕು. ಬೆಳಗಿನ ಇಬ್ಬನಿಯ ಮೇಲೆ ಜರಡಿ ಹಿಡಿದ ಒಲೆಯ ಬೂದಿ ಉದುರಿಸುವುದು ಅಜ್ಜಿಯರ ಮದ್ದು. ಅಲಸಂದೆ, ಅವರೆಯ ಹೇನಿಗೆ ಇಂದಿಗೂ ಬಳಕೆಯಲ್ಲಿದೆ.

ಬೀಜ ಕೂಡಿಡುವುದು

ವರ್ಷದ ಕೊನೆಯ ಕೆಲಸ ಬೀಜ. ಅಲಸಂದೆ, ಬೀನ್ಸ್, ಟೊಮೆಟೊ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವುದರಿಂದ ಹೊಸಬರು ಇವುಗಳಿಂದ ಶುರು ಮಾಡಬಹುದು. ಕುಂಬಳ, ಸೌತೆ ಪಕ್ಕದ ತಳಿಯೊಂದಿಗೆ ಸುಲಭವಾಗಿ ಬೆರಕೆಯಾಗುತ್ತವೆ. ಹೈಬ್ರಿಡ್ ಗಿಡದ ಬೀಜ ತಾಯಿಯಂತೆ ಬರುವುದಿಲ್ಲ. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್ ಆದ್ದರಿಂದ ಅದರ ಬೀಜ ಪ್ರತಿ ಸಲ ಕೊಳ್ಳಬೇಕು. ಅರ್ಕಾ ಅನಾಮಿಕ ಬೆಂಡೆಯ ಬೀಜ ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕಾಗಿ ಚೆನ್ನಾದ ಗಿಡವೊಂದರ ಕಾಯಿಗಳನ್ನು ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಬೇಕು. ಟೊಮೆಟೊ ಬೀಜವನ್ನು ಲೋಳೆ ಸಮೇತ ಎರಡು ದಿನ ನೀರಿನಲ್ಲಿ ಹುಳಿಯಲು ಬಿಟ್ಟು ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಮಲೆನಾಡಿನಲ್ಲಿ ಸೌತೆ, ಪಡುವಲದ ಬೀಜವನ್ನು ಸಗಣಿಯಲ್ಲಿ ಬೆರೆಸಿ ಬೆರಣಿಯಂತೆ ಗೋಡೆಗೆ ತಟ್ಟುವ, ಬಲಿತ ಹೀರೆಕಾಯಿಯನ್ನು ಇಡಿಯಾಗಿ ಒಲೆಯ ಹೊಗೆ ತಾಗುವ ಕಡೆ ತೂಗುವ ರೂಢಿಯಿತ್ತು. ಹೀಗೆ ಉಳಿದ ಹಿತ್ತಲ ತಳಿಗಳನ್ನು ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು 2001ರಿಂದ ಕೈಯಿಂದ ಕೈಗೆ ವಿನಿಮಯ ಮಾಡಿಕೊಳ್ಳುತ್ತ ಬಂದಿದ್ದಾರೆ. ಪಟ್ಟಣದ ಮನೆಯಲ್ಲಿ ಗಾಜಿನ ಸೀಸೆ, ತಳಕ್ಕೆ ಒಂದು ಹಿಡಿ ಒಣ ಬೂದಿ, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ ಇಟ್ಟರೆ ಆಯಿತು. ಪೊಟ್ಟಣದ ಮೇಲೆ ಬೆಳೆಯ ಹೆಸರಿನ ಜೊತೆಗೆ ಬಿತ್ತಿದ ತಿಂಗಳು, ಕೊಯ್ದ ತಿಂಗಳು ಬರೆದಿರಬೇಕು. ಎರಡು ಮೂರು ವರ್ಷ ಹೀಗೆ ಬರೆದರೆ ಆ ಮನೆಯ ಬಿಸಿಲಿಗೂ ಮಳೆಗೂ ಸರಿಹೊಂದುವ ಪಂಚಾಂಗವೊಂದು ಆ ಸೀಸೆಯಲ್ಲೇ ಸಿದ್ಧವಾಗಿರುತ್ತದೆ.